ಬದುಕಿರುವಾಗಲೇ ಬರಿಗೈಯಾಗುವ ತಂದೆಯರು

ಕಳೆದ ರಮಝಾನಿನಲ್ಲಿ ನಾನೊಂದು ಅರ್ಜಿ ಬರೆದುಕೊಟ್ಟೆ. ಕನ್ನಡದಲ್ಲಿ ಬಿ.ಎ. ಮಾಡಿದ ಮದ್ರಸ ಅಧ್ಯಾಪಕನಾದುದರಿಂದ ಊರಿನ ಅರ್ಜಿ, ಮನವಿ, ತಕರಾರುಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಈ ಅರ್ಜಿ ಜಮಾಅತ್ ಕಮಿಟಿಗೆ. ಪಾರ್ಶ್ವವಾಯು ಬಡಿದು ಮೂರು ವರ್ಷಗಳಿಂದ ಹಾಸಿಗೆ ಹಿಡಿದಿರುವ ಹಿರಿಯರೊಬ್ಬರ ಔಷಧಿ ಮತ್ತು ಆರೈಕೆಯ ವೆಚ್ಚಕ್ಕೆ ಝಕಾತ್ ನಿಧಿಯಿಂದ ನೆರವು ಕೊಡಬೇಕೆಂಬುದು ಅದರ ಸಾರ. "ಸದರಿಯವರ ಹೆಸರಿನಲ್ಲಿ ಮನೆಯಾಗಲೀ ಜಮೀನಾಗಲೀ ಇರುವುದಿಲ್ಲ" ಎಂಬ ವಾಕ್ಯ ಬರೆಯುವಾಗ ನನ್ನ ಕೈ ನಿಂತಿತು. ಯಾಕೆಂದರೆ ಹದಿಮೂರು ವರ್ಷಗಳ ಹಿಂದೆ ಅವರ ಹೆಸರಿನಲ್ಲಿ ಮನೆಯೂ ಇತ್ತು, ಎರಡು ಎಕರೆ ಅಡಿಕೆ ತೋಟವೂ ಇತ್ತು. ಅವೆರಡನ್ನೂ ಮೂವರು ಗಂಡುಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಟ್ಟ ದಿನ ಉಪನೋಂದಣಿ ಕಚೇರಿಯಲ್ಲಿ ಸಾಕ್ಷಿಯಾಗಿ ಸಹಿ ಹಾಕಿದವನು ನಾನೇ.

ಅಂದು ಅವರು ಹೇಳಿದ ಮಾತು ಇನ್ನೂ ನೆನಪಿದೆ. "ಉಸ್ತಾದರೇ, ನಾನು ಕಣ್ಣು ಮುಚ್ಚಿದ ಮೇಲೆ ಅಳಿಯಂದಿರು ಬಂದು ಪಾಲು ಕೇಳಬಾರದು. ತೋಟ ತುಂಡಾಗಬಾರದು. ಆಸ್ತಿ ಉಳಿಯಬೇಕು." ನಾನು ತಲೆಯಾಡಿಸಿದೆ. ಹೊರಬಂದು ಚಹಾ ಕುಡಿದು ಅವರಿಗಾಗಿ ದುಆ ಮಾಡಿ ಮನೆಗೆ ಮರಳಿದೆ.

ಆಸ್ತಿ ಉಳಿಯಲಿಲ್ಲ. ಹಿರಿಯ ಮಗ ತನ್ನ ಪಾಲನ್ನು ವ್ಯಾಪಾರದ ಸಾಲಕ್ಕೆ ಅಡವಿಟ್ಟ, ವ್ಯಾಪಾರ ಮುಳುಗಿತು. ಎರಡನೆಯವನು ತನ್ನ ಪಾಲನ್ನು ಮಾರಿ ನಗರದಲ್ಲಿ ಫ್ಲ್ಯಾಟ್ ಕೊಂಡ. ಕಿರಿಯವನು ಗಲ್ಫಿನಲ್ಲಿದ್ದಾನೆ, ನೆನಪಾದಾಗ ಹಣ ಕಳುಹಿಸುತ್ತಾನೆ. ತಂದೆ ಈಗ ಇರುವುದು ಕಿರಿಯ ಮಗಳ ಬಾಡಿಗೆ ಮನೆಯಲ್ಲಿ. ಬೀಡಿ ಕಟ್ಟಿ ನಾಲ್ಕು ಕಾಸು ನೋಡುತ್ತಿದ್ದ ಆ ಹೆಣ್ಣುಮಗಳು ತಂದೆಯ ಮಲಮೂತ್ರ ತೆಗೆಯುವುದರಲ್ಲಿ ಬೀಡಿಯ ತಟ್ಟೆಯನ್ನೇ ಬದಿಗಿಟ್ಟಿದ್ದಾಳೆ. ಯಾರಿಗೆ ಒಂದು ಸೆಂಟ್ಸ್ ಜಾಗವೂ ಸೇರಬಾರದೆಂದು ನಾವು ಅಂದು ಕಾಗದ ಮಾಡಿದೆವೋ ಅವಳೇ ಇಂದು ಆರೈಕೆಯ ಭಾರ ಹೊತ್ತಿದ್ದಾಳೆ. ಝಕಾತಿನ ಅರ್ಜಿ ಬರೆಸಲು ನನ್ನ ಬಳಿಗೆ ಬಂದವನು ಮಾತ್ರ ಫ್ಲ್ಯಾಟಿನ ಮಗ.

ಈ ಲೇಖನವನ್ನು ನಾನು ಮೊದಲು ನನ್ನ ವಿರುದ್ಧವೇ ಬರೆಯುತ್ತಿದ್ದೇನೆ. ಅನಂತರ, ಸಮುದಾಯದಲ್ಲಿ ಜಾಣತನವೆಂದು ಮನ್ನಣೆ ಪಡೆದಿರುವ ಒಂದು ರೂಢಿಯ ವಿರುದ್ಧ. ವಯಸ್ಸಾದ ತಂದೆ ಬದುಕಿರುವಾಗಲೇ ಆಸ್ತಿಯನ್ನೆಲ್ಲ ಮಕ್ಕಳ, ಅದರಲ್ಲೂ ಗಂಡುಮಕ್ಕಳ, ಹೆಸರಿಗೆ ಬರೆದುಕೊಟ್ಟು ಬರಿಗೈಯಲ್ಲಿ ಮುಪ್ಪನ್ನು ಎದುರುಗೊಳ್ಳುವ ರೂಢಿ ಅದು. ಇದನ್ನು ಆಸ್ತಿಯ ರಕ್ಷಣೆ ಎಂದು ಕರೆಯುತ್ತಾರೆ. ಯಾರಿಂದ ರಕ್ಷಣೆ? ಲೆಕ್ಕ ಹಾಕಿ ನೋಡಿದರೆ ಆ ಆಸ್ತಿಯನ್ನು ರಕ್ಷಿಸಿರುವುದು ಅದರ ಯಜಮಾನನ ಔಷಧಿಯಿಂದ, ಅವನ ಗಾಲಿಕುರ್ಚಿಯಿಂದ, ಅವನ ಕೊನೆಯ ಐದು ವರ್ಷಗಳ ಗೌರವದಿಂದ.

ಸಂಪತ್ತು ಯಾರ ಆಧಾರ?

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 5ನೇ ಸೂಕ್ತದಲ್ಲಿ ಅಲ್ಲಾಹನು ಸಂಪತ್ತನ್ನು 'ಕಿಯಾಮ್' ಎಂಬ ಪದದಿಂದ ಪರಿಚಯಿಸುತ್ತಾನೆ. ಬದುಕು ನೆಟ್ಟಗೆ ನಿಲ್ಲಲು ಬೇಕಾದ ಆಧಾರ ಎಂದು ಅದರ ಅರ್ಥ. ಅಂತಹ ಸಂಪತ್ತನ್ನು ವಿವೇಕವಿಲ್ಲದವರ ಕೈಗೆ ಒಪ್ಪಿಸಬೇಡಿರಿ, ಅದರಿಂದ ಅವರಿಗೆ ಉಣಿಸಿರಿ, ಉಡಿಸಿರಿ, ಅವರೊಡನೆ ಒಳ್ಳೆಯ ಮಾತನಾಡಿರಿ ಎಂಬುದು ಅಲ್ಲಿನ ಆದೇಶದ ಸಾರ. ಈ ಸೂಕ್ತವನ್ನು ಅನಾಥರ ಸೊತ್ತಿಗೆ ಸಂಬಂಧಿಸಿ ವಿವರಿಸಿದವರಿದ್ದಾರೆ. ಆದರೆ ಕುರ್‌ಆನ್ ವ್ಯಾಖ್ಯಾನಕಾರರಲ್ಲಿ ಅಗ್ರಗಣ್ಯರಾದ ಹಝ್ರತ್ ಇಬ್ನು ಅಬ್ಬಾಸ್(ರ)ರಿಂದ ಉದ್ಧರಿಸಲ್ಪಟ್ಟ ವಿವರಣೆ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಅಲ್ಲಾಹನು ನಿನಗೆ ಜೀವನಾಧಾರವಾಗಿ ಕೊಟ್ಟದ್ದನ್ನು ಮಡದಿ ಮಕ್ಕಳ ಕೈಗಿತ್ತು ಅನಂತರ ಅವರ ಕೈಯನ್ನು ನೋಡುತ್ತಾ ಕೂರಬೇಡ, ಅದನ್ನು ನೀನೇ ಇರಿಸಿಕೊಂಡು ಸರಿಪಡಿಸು, ಅವರ ಊಟ ಬಟ್ಟೆಗೆ ಖರ್ಚು ಮಾಡುವವನು ನೀನೇ ಆಗು ಎಂಬುದು ಆ ವಿವರಣೆಯ ತಾತ್ಪರ್ಯ. ತಬರಿಯಲ್ಲೂ ಇಬ್ನು ಕಸೀರಿನಲ್ಲೂ ಇದು ದಾಖಲಾಗಿದೆ. ನಾನು ಇದನ್ನು ಮದ್ರಸದಲ್ಲಿ ಓದಿದ್ದೆ. ಉಪನೋಂದಣಿ ಕಚೇರಿಯ ಬಾಗಿಲಲ್ಲಿ ಮರೆತಿದ್ದೆ.

ಮಕ್ಕಳ ಕೈ ನೋಡುತ್ತಾ ಕೂರುವ ಸ್ಥಿತಿ ಹೇಗಿರುತ್ತದೆಂದು ತಿಳಿಯಲು ತಫ್ಸೀರ್ ಬೇಕಾಗಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಸೊಸೆಯ ಒಪ್ಪಿಗೆ ಕಾಯುವ ಮಾವಂದಿರನ್ನು ನೋಡಿ. ಜುಮುಅದ ದಿನ ಸದಕಾ ಡಬ್ಬಿಗೆ ಹಾಕಲು ಹತ್ತು ರೂಪಾಯಿಯನ್ನು ಮೊಮ್ಮಗನಲ್ಲಿ ಕೇಳುವ ಅಜ್ಜಂದಿರನ್ನು ನೋಡಿ. ಇವರೆಲ್ಲ ಬಡವರಾಗಿ ಹುಟ್ಟಿದವರಲ್ಲ. ಸಹಿ ಹಾಕಿ ಬಡವರಾದವರು.

ಇಲ್ಲೊಂದು ಮೂಲಭೂತ ತಪ್ಪುಕಲ್ಪನೆಯನ್ನು ಸರಿಪಡಿಸಬೇಕಾಗಿದೆ. ತಂದೆ ಬದುಕಿರುವಾಗ ಅವನ ಸೊತ್ತಿನಲ್ಲಿ ಮಕ್ಕಳಿಗೆ ವಾರೀಸಿನ ಪಾಲು ಎಂಬುದಿಲ್ಲ. ಇಸ್ಲಾಮಿನಲ್ಲಿ ಹುಟ್ಟಿನಿಂದ ಬರುವ ಪಿತ್ರಾರ್ಜಿತ ಹಕ್ಕು ಇಲ್ಲ. ವಾರೀಸು ಹಕ್ಕು ತೆರೆದುಕೊಳ್ಳುವುದು ಮರಣದೊಂದಿಗೆ. ಆಗಲೂ ಮೊದಲು ಕಫನ್-ದಫನಿನ ವೆಚ್ಚ, ಆಮೇಲೆ ಸಾಲ, ಆಮೇಲೆ ಮೂರನೇ ಒಂದರ ಮಿತಿಯೊಳಗಿನ ವಸಿಯ್ಯತ್, ಕಟ್ಟಕಡೆಗೆ ವಾರೀಸುದಾರರು. ಹೀಗಿರುವಾಗ, "ಬಾಪನ ಕಾಯಿಲೆಗೆ ತೋಟ ಮಾರಿದರೆ ನಮ್ಮ ಪಾಲು ಹೋಗುತ್ತದೆ" ಎನ್ನುವ ಮಗ ಯಾವ ಪಾಲಿನ ಬಗ್ಗೆ ಮಾತನಾಡುತ್ತಿದ್ದಾನೆ? ಅದು ಇನ್ನೂ ಅವನದಾಗಿಲ್ಲ. ಹಾಸಿಗೆಯಲ್ಲಿ ಮಲಗಿರುವವನು ಅದರ ಒಡೆಯ. ಅವನ ಹುಣ್ಣಿಗೆ ಅವನದೇ ಹಣದಿಂದ ಮುಲಾಮು ತರುವುದು ಮಕ್ಕಳ ಆಸ್ತಿಯ ನಷ್ಟವಲ್ಲ.

ಹೆತ್ತವರು ನಿರ್ಗತಿಕರಾದರೆ ಅವರ ಜೀವನಾಂಶ ಮಕ್ಕಳ ಮೇಲೆ ಕಡ್ಡಾಯ. ಹೆತ್ತವರಲ್ಲಿ ಸಂಪತ್ತಿದ್ದರೆ ಖರ್ಚು ಮೊದಲು ಅವರ ಸಂಪತ್ತಿನಿಂದ. ಮೈ ಮುಟ್ಟಿ ಮಾಡುವ ಸೇವೆ ಮಾತ್ರ ಎರಡೂ ಸ್ಥಿತಿಯಲ್ಲಿ ಮಕ್ಕಳದೇ. ಅಲ್ ಇಸ್ರಾ ಅಧ್ಯಾಯದ 23ನೇ ಸೂಕ್ತ ಹೆತ್ತವರ ಮುಪ್ಪನ್ನು ಹೇಳುವಾಗ 'ನಿನ್ನ ಬಳಿಯಲ್ಲಿ' ಎಂಬರ್ಥದ ಪದವನ್ನು ಬಳಸಿದೆ. ಬೇರೆ ಯಾರದೋ ಬಳಿಯಲ್ಲಿ ಅಲ್ಲ, ಜಮಾಅತ್ ಕಚೇರಿಯ ಬಾಗಿಲಲ್ಲೂ ಅಲ್ಲ. ಆ ಸೇವೆ ದಾನಪತ್ರಕ್ಕೆ ಸಿಗುವ ಪ್ರತಿಫಲವಾಗಿ ಬಂದದ್ದಲ್ಲ. ಬರೆದುಕೊಟ್ಟರೆ ಮಾತ್ರ ನೋಡಿಕೊಳ್ಳುವ ಮಗ, ಬರೆಸಿಕೊಂಡ ಮೇಲೆ ಯಾಕೆ ನೋಡಿಕೊಳ್ಳಬೇಕು?

ಹಿಬಾ ಎಂಬ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ

ನಮ್ಮಲ್ಲಿ ಹಿಬಾ ಬಹಳ ಸುಲಭ. ಕೊಟ್ಟೆ ಎಂಬ ಘೋಷಣೆ, ಒಪ್ಪಿಕೊಂಡೆ ಎಂಬ ಸ್ವೀಕಾರ, ಸ್ವಾಧೀನದ ಹಸ್ತಾಂತರ, ಈ ಮೂರು ಕೂಡಿದರೆ ಬಾಯಿಮಾತಿನ ಹಿಬಾವೂ ಊರ್ಜಿತ. ಈ ಮೂರೂ ಇದ್ದರೆ ಬರಹದಲ್ಲಿರುವ ಹಿಬಾಕ್ಕೂ ನೋಂದಣಿ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಸುಲಭವಾಗಿರುವುದರಿಂದಲೇ ನಾವು ಅದರ ಆಳವನ್ನು ನೋಡದೆ ಇಳಿಯುತ್ತೇವೆ.

ಹನಫೀ, ಶಾಫಿಈ ಎರಡೂ ಮದ್‌ಹಬ್‌ಗಳಲ್ಲಿ ಸ್ವಾಧೀನ ಹಸ್ತಾಂತರವಾಗದೆ ಹಿಬಾ ಪೂರ್ಣವಾಗುವುದಿಲ್ಲ. ಸ್ವಾಧೀನ ಬಿಟ್ಟುಕೊಟ್ಟರೆ ತಂದೆ ತನ್ನದೇ ಮನೆಯಲ್ಲಿ ಅತಿಥಿ. ಬಿಟ್ಟುಕೊಡದೆ ಕಾಗದ ಮಾತ್ರ ಮಾಡಿದರೆ, ಅವನ ಮರಣದ ಮರುದಿನವೇ ಆ ಹಿಬಾ ನಡೆದಿತ್ತೇ ಇಲ್ಲವೇ ಎಂಬ ವ್ಯಾಜ್ಯ. ಮಕ್ಕಳ ಜಗಳ ತಪ್ಪಿಸಲೆಂದು ಮಾಡಿದ ಕಾಗದವೇ ಜಗಳದ ಬೀಜ.

ಕೊಟ್ಟದ್ದನ್ನು ಹಿಂಪಡೆಯಬಹುದೇ? ಹನಫೀ ಮದ್‌ಹಬ್‌ನಲ್ಲಿ ಮಕ್ಕಳಂತಹ ನಿಕಟ ರಕ್ತಸಂಬಂಧಿಗೆ ಕೊಟ್ಟು ಪೂರ್ಣಗೊಂಡ ಹಿಬಾವನ್ನು ಹಿಂಪಡೆಯಲಾಗದು. ಶಾಫಿಈ ಮದ್‌ಹಬ್‌ನಲ್ಲಿ ತಂದೆಗೆ ಆ ಹಕ್ಕಿದೆ, ಆದರೆ ಆ ವಸ್ತು ಇನ್ನೂ ಮಗನ ಒಡೆತನದಲ್ಲಿ ಉಳಿದಿದ್ದರೆ ಮಾತ್ರ. ಮಾರಿಹೋದ ಮೇಲೆ ಯಾವುದನ್ನು ಹಿಂಪಡೆಯುವುದು?

ದೇಶದ ಕಾನೂನು ಏನು ಹೇಳುತ್ತದೆ? 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮು ಹಿರಿಯರಿಗೊಂದು ದಾರಿ ಕೊಟ್ಟಿದೆ. ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಆಸ್ತಿ ಕೊಟ್ಟು, ಪಡೆದವನು ನೋಡಿಕೊಳ್ಳದಿದ್ದರೆ, ನ್ಯಾಯಮಂಡಳಿ ಆ ವರ್ಗಾವಣೆಯನ್ನು ಅನೂರ್ಜಿತಗೊಳಿಸಬಹುದು. ಆದರೆ 'ಷರತ್ತಿನೊಂದಿಗೆ' ಎಂಬ ಮಾತನ್ನು ಗಮನಿಸಿ. ಅಂತಹ ಷರತ್ತು ಇದ್ದುದನ್ನು ತೋರಿಸದಿದ್ದರೆ ಈ ಕಲಮಿನ ಪ್ರಯೋಜನ ಸಿಗದೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ತಾಯಿಯೊಬ್ಬರು ಮಗನಿಗೆ ಕೊಟ್ಟ ಆಸ್ತಿಯನ್ನು ಮರಳಿಸಲು ಆದೇಶಿಸಿತು. ಅಲ್ಲಿ ತಾಯಿಯನ್ನು ನೋಡಿಕೊಳ್ಳುವೆನೆಂಬ ವಾಗ್ದಾನದ ಪತ್ರವೊಂದು ಇತ್ತು. ನಮ್ಮ ಹಾಜಿಯವರ ದಾನಪತ್ರದಲ್ಲಿ ಇದ್ದುದು "ಪ್ರೀತಿ ವಿಶ್ವಾಸದಿಂದ" ಎಂಬ ಎರಡು ಪದಗಳು.

ಇನ್ನೊಂದು ಸಾಧ್ಯತೆಯನ್ನು ಯಾರೂ ಯೋಚಿಸುವುದಿಲ್ಲ. ಮಗ ತಂದೆಗಿಂತ ಮೊದಲೇ ತೀರಿಕೊಂಡರೆ? ಮಗ ಎಷ್ಟೇ ಒಳ್ಳೆಯವನಾಗಿರಲಿ, ಮರಣ ವಯಸ್ಸು ನೋಡಿ ಬರುವುದಿಲ್ಲ. ಆಗ ತಂದೆ ಕೊಟ್ಟ ಮನೆ ಮಗನ ವಾರೀಸು ಸೊತ್ತಾಗುತ್ತದೆ. ಮಗನಿಗೆ ಹೆಂಡತಿ, ಗಂಡು ಹೆಣ್ಣು ಮಕ್ಕಳು, ತಂದೆ, ತಾಯಿ ಇದ್ದರೆ ಮನೆಯನ್ನು 24 ಪಾಲು ಮಾಡಿ. ಹೆಂಡತಿಗೆ 3, ತಂದೆಗೆ 4, ತಾಯಿಗೆ 4, ಮಕ್ಕಳಿಗೆ 13. ತಾನು ಬೆವರು ಸುರಿಸಿ ಕಟ್ಟಿದ ಮನೆಯಲ್ಲಿ ತಂದೆ ಆರನೇ ಒಂದು ಪಾಲಿನವನು. ಇದು ಶರೀಅತ್ತಿನ ತಪ್ಪಲ್ಲ. ಶರೀಅತ್ ಅವನನ್ನು ಒಡೆಯನನ್ನಾಗಿ ಇಟ್ಟಿತ್ತು, ಕೆಳಗಿಳಿದವನು ಅವನೇ.

ಹೆಣ್ಣುಮಕ್ಕಳನ್ನು ದಾಟಿ ಹೋಗುವ ದಾರಿ

ನಿಜ ಹೇಳಬೇಕೆಂದರೆ ಈ ರೂಢಿಯ ಬೇರು ಇರುವುದು ಇಲ್ಲಿ. ಅನ್ನಿಸಾ ಅಧ್ಯಾಯದ 7ನೇ ಸೂಕ್ತ, ಹೆತ್ತವರು ಬಿಟ್ಟುಹೋದುದರಲ್ಲಿ, ಅದು ಸ್ವಲ್ಪವಿರಲಿ ಹೆಚ್ಚಿರಲಿ, ಸ್ತ್ರೀಯರಿಗೂ ಪಾಲಿದೆಯೆಂದು ಘೋಷಿಸಿದೆ. ಆ ಸೂಕ್ತವನ್ನು ಬಹಿರಂಗವಾಗಿ ಅಲ್ಲಗಳೆಯಲು ಯಾವ ಮುಸ್ಲಿಮನಿಗೂ ಧೈರ್ಯವಿಲ್ಲ. ಆದ್ದರಿಂದ ಏನೂ ಬಿಟ್ಟುಹೋಗದಂತೆ ನೋಡಿಕೊಳ್ಳುತ್ತಾರೆ.

ಸಹಾಬಿ ಬಶೀರ್ ಇಬ್ನು ಸಅದ್(ರ) ತಮ್ಮ ಮಗ ನುಅಮಾನ್‌ಗೆ ಒಂದು ಕೊಡುಗೆ ಕೊಟ್ಟು, ಅದಕ್ಕೆ ಸಾಕ್ಷಿಯಾಗಬೇಕೆಂದು ಪ್ರವಾದಿ(ಸ)ರ ಬಳಿಗೆ ಹೋದ ಘಟನೆ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವಿರಾ ಎಂದು ಪ್ರವಾದಿ(ಸ) ಕೇಳಿದರು. ಇಲ್ಲವೆಂದಾಗ, ಅಲ್ಲಾಹನನ್ನು ಭಯಪಡುವಂತೆಯೂ ಮಕ್ಕಳ ನಡುವೆ ನ್ಯಾಯ ಪಾಲಿಸುವಂತೆಯೂ ಹೇಳಿ, ಅನ್ಯಾಯಕ್ಕೆ ತಾನು ಸಾಕ್ಷಿಯಾಗಲಾರೆನೆಂದು ನಿರಾಕರಿಸಿದರು. ಬಶೀರ್(ರ) ಮರಳಿ ಆ ಕೊಡುಗೆಯನ್ನು ಹಿಂಪಡೆದರು. ಜೀವಿತಾವಧಿಯ ಕೊಡುಗೆಯಲ್ಲಿ ಗಂಡು ಹೆಣ್ಣಿಗೆ ಸಮಾನವಾಗಿ ಕೊಡಬೇಕೇ, ವಾರೀಸಿನ ಅನುಪಾತದಲ್ಲಿ ಕೊಡಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಹೆಣ್ಣುಮಕ್ಕಳಿಗೆ ಏನೂ ಕೊಡದಿರುವುದು ಆ ಎರಡು ಅಭಿಪ್ರಾಯಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ.

"ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ" ಎಂಬುದು ಸಿದ್ಧ ಉತ್ತರ. ಮದುವೆಯ ಚಿನ್ನವನ್ನು ಮಗಳು ಕೇಳಿದಳೋ, ಗಂಡಿನ ಕಡೆಯವರು ಕೇಳಿದರೋ? ಊರಿನ ಮುಂದೆ ತಲೆಯೆತ್ತಿ ನಿಲ್ಲಲು ಮಾಡಿದ ಖರ್ಚನ್ನು ಅವಳ ವಾರೀಸಿನ ಖಾತೆಗೆ ಬರೆಯುವುದು ಯಾವ ಫಿಕ್‌ಹ್‌ನಲ್ಲಿದೆ?

ಈ ಕಾಗದಗಳು ಇನ್ನೊಬ್ಬಳು ಹೆಣ್ಣನ್ನೂ ದಾಟಿ ಹೋಗುತ್ತವೆ, ಅವಳು ಮನೆಯ ಯಜಮಾನಿಯೇ. ಗಂಡ ಆಸ್ತಿ ಬಿಟ್ಟು ತೀರಿಕೊಂಡರೆ ಮಕ್ಕಳಿರುವ ಹೆಂಡತಿಗೆ ಎಂಟನೇ ಒಂದು ಪಾಲು. ಗಂಡ ಎಲ್ಲವನ್ನೂ ಮೊದಲೇ ಕೊಟ್ಟುಬಿಟ್ಟಿದ್ದರೆ ಆ ಎಂಟನೇ ಒಂದೂ ಇಲ್ಲ. ಗಂಡನನ್ನು ಕೊನೆಯವರೆಗೆ ನೋಡಿಕೊಂಡು, ಅವನ ನಂತರವೂ ಹತ್ತು ಹದಿನೈದು ವರ್ಷ ಬದುಕುವ ನಮ್ಮ ಉಮ್ಮಂದಿರು ಒಂದು ಗಂಟು ಬಟ್ಟೆ ಹಿಡಿದು ಮಗನ ಮನೆಯಿಂದ ಮಗನ ಮನೆಗೆ ಸರದಿಯಲ್ಲಿ ತಿರುಗುವುದನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ತವಕ್ಕುಲ್ ಯೋಜನೆಯ ಶತ್ರುವಲ್ಲ

ಮುಪ್ಪಿನ ಖರ್ಚಿಗೆ ಈಗಲೇ ಹಣ ತೆಗೆದಿಡಬೇಕೆಂದು ಹೇಳಿದರೆ, "ರಿಝ್ಕ್ ಕೊಡುವವನು ಅಲ್ಲಾಹು, ಇಷ್ಟೊಂದು ಲೆಕ್ಕ ಯಾಕೆ" ಎಂದು ಕೇಳುವವರಿದ್ದಾರೆ. ಇದೇ ಜನ ಮಗಳ ಮದುವೆಯ ಲೆಕ್ಕವನ್ನು ಹತ್ತು ವರ್ಷ ಮುಂಚಿತವಾಗಿ ಹಾಕುತ್ತಾರೆ, ಸಾವಿರ ಜನರ ಬಿರಿಯಾನಿಯ ಅಕ್ಕಿಯನ್ನು ಸೇರಿನ ಲೆಕ್ಕದಲ್ಲಿ ಹೇಳುತ್ತಾರೆ. ತವಕ್ಕುಲ್ ನೆನಪಾಗುವುದು ಮುಪ್ಪಿನ ವಿಷಯದಲ್ಲಿ ಮಾತ್ರ. ಒಂಟೆಯನ್ನು ಕಟ್ಟಿ ಅನಂತರ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ) ಕಲಿಸಿದ್ದು ತಿರ್ಮಿದಿಯಲ್ಲಿದೆ. ಅವರು ತಮ್ಮ ಕುಟುಂಬಕ್ಕೆ ಒಂದು ವರ್ಷದ ಆಹಾರವನ್ನು ತೆಗೆದಿರಿಸುತ್ತಿದ್ದರೆಂದು ಹಝ್ರತ್ ಉಮರ್(ರ)ರಿಂದ ವರದಿಯಾಗಿದೆ. ಪ್ರವಾದಿ ಯೂಸುಫ್(ಅ) ಸಮೃದ್ಧಿಯ ಏಳು ವರ್ಷಗಳಲ್ಲಿ ಬರದ ಏಳು ವರ್ಷಗಳಿಗೆ ಧಾನ್ಯ ಕೂಡಿಡುವ ಯೋಜನೆ ರೂಪಿಸಿದ್ದನ್ನು ಕುರ್‌ಆನ್ ವಿವರಿಸಿದೆ. ಮನುಷ್ಯನ ಬದುಕಿನಲ್ಲಿಯೂ ಏಳು ಕೊಬ್ಬಿದ ಹಸುಗಳಿವೆ, ಅವುಗಳ ಹಿಂದೆ ಏಳು ಬಡಕಲು ಹಸುಗಳಿವೆ.

ಆ ಬಡಕಲು ವರ್ಷಗಳ ಖರ್ಚನ್ನೊಮ್ಮೆ ಲೆಕ್ಕ ಹಾಕೋಣ. ಹಗಲಿರುಳು ಜೊತೆಗಿರುವ ಹೋಂ ನರ್ಸ್, ಔಷಧಿ, ಡೈಪರ್, ಫಿಸಿಯೋಥೆರಪಿ, ಬೆನ್ನುಹುಣ್ಣು ಬಾರದಂತೆ ಏರ್ ಬೆಡ್ ಎಲ್ಲ ಸೇರಿ ತಿಂಗಳಿಗೆ 30,000 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 3,60,000. ಐದು ವರ್ಷಕ್ಕೆ 18 ಲಕ್ಷ. ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎನ್ನಬೇಡಿ. ಅದು ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಮನೆಯಲ್ಲಿ ಮೂರು ವರ್ಷ ಮಗ್ಗುಲು ಬದಲಾಯಿಸುವವರ ಸಂಬಳಕ್ಕಲ್ಲ. ಸಂಧ್ಯಾ ಸುರಕ್ಷಾ ಮಾಸಾಶನ ಡೈಪರಿನ ಖರ್ಚಿಗೂ ಸಾಲದು.

ಅಮೆರಿಕದಲ್ಲಿ ಬಡವರ ದೀರ್ಘಕಾಲದ ಆರೈಕೆಯ ವೆಚ್ಚವನ್ನು ಮೆಡಿಕೇಡ್ ಎಂಬ ಸರಕಾರಿ ಯೋಜನೆ ಭರಿಸುತ್ತದೆ. ಆದ್ದರಿಂದ ಅಲ್ಲಿ ಕೆಲವರು ಮುಂಚಿತವಾಗಿ ಆಸ್ತಿಯನ್ನು ಮಕ್ಕಳಿಗೆ ದಾಟಿಸಿ ತಾವು ಬಡವರೆನಿಸಿಕೊಳ್ಳುತ್ತಾರೆ, ಅದನ್ನು ತಡೆಯಲು ಸರಕಾರ ಸಾಮಾನ್ಯವಾಗಿ ಹಿಂದಿನ 60 ತಿಂಗಳ ವರ್ಗಾವಣೆಗಳನ್ನು ಕೆದಕುತ್ತದೆ. ಇಲ್ಲದ ಬಡತನವನ್ನು ನಟಿಸುವುದು ಸರಿಯೇ ಎಂಬ ಪ್ರಶ್ನೆ ಹಾಗಿರಲಿ, ಅಲ್ಲಿ ಬರಿಗೈಯಾದವನನ್ನು ಹಿಡಿಯಲು ಒಂದು ಸರಕಾರವಾದರೂ ಇದೆ. ನಮ್ಮಲ್ಲಿ ಬರಿಗೈಯಾದ ತಂದೆಯನ್ನು ಹಿಡಿಯುವವರು ಯಾರು? ಬೀಡಿ ಕಟ್ಟುವ ಮಗಳು, ಇಲ್ಲವೇ ಜಮಾಅತಿನ ಝಕಾತ್.

ಆ ಝಕಾತಿನ ಬಗ್ಗೆಯೂ ಒಂದು ಮಾತು. ಮಗ ತನ್ನ ಝಕಾತನ್ನು ತಾನು ಪೋಷಿಸಬೇಕಾದ ತಂದೆಗೆ ಕೊಡುವಂತಿಲ್ಲ. ಯಾಕೆಂದರೆ ತಂದೆಯ ಪೋಷಣೆ ಅವನ ಮೇಲಿನ ಋಣ, ಋಣವನ್ನು ಝಕಾತಿನಿಂದ ತೀರಿಸಲಾಗದು. ತಾನು ಕೊಡಲಾಗದ ಝಕಾತನ್ನು ಊರಿನವರಿಂದ ಕೊಡಿಸಿ ತನ್ನ ಋಣ ತೀರಿಸಿಕೊಳ್ಳುವ ಮಗನಿಗೆ ಏನೆನ್ನಬೇಕು? ತಂದೆಯ ತೋಟವನ್ನು ತಿಂದವರು ಮಕ್ಕಳು. ಅದರ ಬೆಲೆ ಕೊಡುತ್ತಿರುವುದು ಯತೀಮ್ ಮಕ್ಕಳ ಮತ್ತು ವಿಧವೆಯರ ಪಾಲಿನ ನಿಧಿ.

ಹಾಗಾದರೆ ಮಾಡಬೇಕಾದದ್ದೇನು?

ಟೀಕಿಸುವುದು ಸುಲಭ. ಆದ್ದರಿಂದ ನನ್ನ ಅಲ್ಪ ತಿಳಿವಳಿಕೆಗೆ ನಿಲುಕಿದ್ದನ್ನು ಹೇಳುತ್ತೇನೆ. ಕಾಗದಕ್ಕೆ ಇಳಿಸುವ ಮೊದಲು ಒಬ್ಬ ಆಲಿಮರನ್ನೂ ಒಬ್ಬ ವಕೀಲರನ್ನೂ ಕೇಳಿ, ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕೇಳಬೇಡಿ.

ಮೊದಲನೆಯದು, ವಾಸದ ಮನೆ ಕೊನೆಯುಸಿರಿನವರೆಗೆ ನಿಮ್ಮ ಹೆಸರಿನಲ್ಲಿರಲಿ. ಹೆಂಡತಿಯ ಮಹ್ರ್ ಬಾಕಿಯಿದ್ದರೆ ಇಂದೇ ಕೊಡಿ, ಅದು ಸಾಲ. ಸಾಧ್ಯವಿದ್ದರೆ ಅವಳ ಹೆಸರಿನಲ್ಲಿಯೂ ಏನನ್ನಾದರೂ ನ್ಯಾಯಬದ್ಧವಾಗಿ ನಿಲ್ಲಿಸಿ.

ಎರಡನೆಯದು, ಐವತ್ತೈದು ದಾಟಿದವರು ಮುಪ್ಪಿನ ಖರ್ಚಿಗೊಂದು ಆದಾಯವನ್ನು ಗುರುತಿಸಿ. ಒಂದು ಅಂಗಡಿ ಕೋಣೆಯ ಬಾಡಿಗೆ, ಮಹಡಿಯ ಬಾಡಿಗೆ, ತೋಟದ ಒಂದು ಭಾಗದ ಫಸಲು ಏನೇ ಇರಲಿ, ಬಡ್ಡಿಯ ಸೋಂಕಿಲ್ಲದ ಈ ದಾರಿಗಳು ನಮ್ಮೆಲ್ಲರಿಗೂ ಪರಿಚಿತ. ಮಕ್ಕಳು ಬೇರೆಯಾದ ಮೇಲೆ ಇಬ್ಬರೇ ಉಳಿದಿರುವ ಎಂಟು ಕೋಣೆಯ ಮನೆಯನ್ನು ಮಾರಿ ಚಿಕ್ಕದೊಂದು ಕೊಂಡು ಉಳಿದುದನ್ನು ಆರೈಕೆಗೆ ಇಡುವುದರಲ್ಲಿ ಅವಮಾನವಿಲ್ಲ. ಮೂರನೆಯ ಉಮ್ರಾಕ್ಕೆ ಹೊರಡುವ ಮುನ್ನ ಈ ಲೆಕ್ಕ ಮುಗಿದಿದೆಯೇ ಎಂದು ನೋಡಿಕೊಳ್ಳಿ.

ಮೂರನೆಯದು, ಆರೈಕೆಯ ವೆಚ್ಚವನ್ನು ಬರೆದಿಡಿ. ಸಾಲದ ವ್ಯವಹಾರವನ್ನು ಬರೆದಿಡಲು ಅಲ್ ಬಕರ ಅಧ್ಯಾಯದ 282ನೇ ಸೂಕ್ತ ಆದೇಶಿಸಿದೆ. ತಂದೆಯ ಬಳಿ ಆಸ್ತಿಯಿದ್ದು ಕೈಯಲ್ಲಿ ಹಣವಿಲ್ಲದಾಗ ಮಗ ಅಥವಾ ಮಗಳು ಖರ್ಚು ಮಾಡುತ್ತಿದ್ದರೆ, ಅದು ಕೊಡುಗೆಯೋ ಸಾಲವೋ ಎಂಬುದು ಆರಂಭದಲ್ಲೇ ಸ್ಪಷ್ಟವಾಗಲಿ. ಸಾಲವೆಂದು ತಂದೆಯ ಒಪ್ಪಿಗೆಯೊಂದಿಗೆ ಇಬ್ಬರು ಸಾಕ್ಷಿಗಳ ಮುಂದೆ ಬರೆದಿದ್ದರೆ, ಪಾಲಾಗುವ ಮೊದಲೇ ಅದು ಸೊತ್ತಿನಿಂದ ತೀರಬೇಕು. ಬರೆಯದೆ ಖರ್ಚು ಮಾಡಿ ಮಯ್ಯಿತ್ತಿನ ಮೂರನೇ ದಿನ ಲೆಕ್ಕ ತೆಗೆದರೆ ಜಗಳವಾಗದೆ ಇನ್ನೇನಾದೀತು? ಹಾಗೆಯೇ ದುಡಿಮೆ ಬಿಟ್ಟು ನೋಡಿಕೊಳ್ಳುವ ಮಗಳಿಗೋ ಸೊಸೆಗೋ ತಂದೆಯ ಹಣದಿಂದ ತಿಂಗಳಿಗಿಷ್ಟು ಎಂದು ಎಲ್ಲ ಮಕ್ಕಳೂ ಕೂತು ನಿಶ್ಚಯಿಸಿ. ಹೊರಗಿನ ನರ್ಸಿಗೆ ಸಂಬಳ ಕೊಡಲು ಒಪ್ಪುವವರು ತಂಗಿಯ ಕೆಲಸವನ್ನು ಮಾತ್ರ ಪುಣ್ಯದ ಲೆಕ್ಕಕ್ಕೆ ತಳ್ಳುವುದು ನ್ಯಾಯವಲ್ಲ.

ನಾಲ್ಕನೆಯದು, ಮರೆವಿನ ಕಾಯಿಲೆಯನ್ನು ನೆನಪಿಡಿ. ಅಧಿಕಾರಪತ್ರ ಬರೆದುಕೊಟ್ಟರೆ ಸಾಕೆಂದು ಹಲವರು ತಿಳಿದಿದ್ದಾರೆ. ಬರೆದುಕೊಟ್ಟವನ ಬುದ್ಧಿ ಸ್ವಾಧೀನ ತಪ್ಪಿದರೆ ಕಾನೂನಿನ ಪ್ರಕಾರ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಬ್ಯಾಂಕ್ ಖಾತೆಯನ್ನು ನಂಬಿಗಸ್ತ ಮಗನೋ ಮಗಳೋ ಜಂಟಿಯಾಗಿ ನಡೆಸುವಂತೆ ಆರೋಗ್ಯವಿರುವಾಗಲೇ ಮಾಡಿಕೊಳ್ಳಿ. ಜಂಟಿ ಹೆಸರಿನಿಂದಾಗಲೀ ನಾಮಿನಿಯಾಗಿದ್ದಾರೆಂಬುದರಿಂದಾಗಲೀ ಆ ಹಣ ಅವರೊಬ್ಬರ ವಾರೀಸಾಗುವುದಿಲ್ಲ ಎಂಬುದನ್ನೂ ಎಲ್ಲರಿಗೂ ತಿಳಿಸಿಡಿ.

ಐದನೆಯದು, ಬದುಕಿರುವಾಗ ಕೊಡಲೇಬೇಕೆಂದಿದ್ದರೆ ಒಂದು ಭಾಗವನ್ನು ಕೊಡಿ, ಎಲ್ಲ ಮಕ್ಕಳಿಗೂ ನ್ಯಾಯವಾಗಿ ಕೊಡಿ, ಆರೈಕೆಯ ಹೊಣೆಯನ್ನು ಬರಹದಲ್ಲಿ ಸ್ಪಷ್ಟವಾಗಿ ನಮೂದಿಸಿ. ಷರತ್ತಿನ ಹಿಬಾದ ಬಗ್ಗೆ ಫಿಕ್‌ಹ್‌ನಲ್ಲಿ ಸೂಕ್ಷ್ಮ ಚರ್ಚೆಗಳಿವೆ, ಆಲಿಮರೂ ವಕೀಲರೂ ಇಬ್ಬರೂ ಬೇಕೆಂದದ್ದು ಇದಕ್ಕಾಗಿಯೇ. ಮರಣಶಯ್ಯೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಆಟ ಮಾತ್ರ ಬೇಡವೇ ಬೇಡ. ಮರಣಕ್ಕೆ ಕಾರಣವಾದ ಕಾಯಿಲೆಯಲ್ಲಿ ಕೊಟ್ಟ ಕೊಡುಗೆಗೆ ವಸಿಯ್ಯತಿನ ನಿಯಮವೇ ಅನ್ವಯಿಸುತ್ತದೆ. ಉಳಿದ ವಾರೀಸುದಾರರು ಒಪ್ಪದೆ ವಾರೀಸುದಾರನಿಗೆ ವಸಿಯ್ಯತ್ ಇಲ್ಲ.

ಈಗಾಗಲೇ ಬರೆದುಕೊಟ್ಟು ಬೀದಿಗೆ ಬಿದ್ದವರು ಏನು ಮಾಡಬೇಕು? 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರವತ್ತು ದಾಟಿದ ಯಾರೂ ಅರ್ಜಿ ಸಲ್ಲಿಸಬಹುದು. ಕಾಯ್ದೆಯಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಹಿರಿಯರ ಸಹಾಯವಾಣಿ 14567. ಮಕ್ಕಳ ಮೇಲೆ ದೂರು ಕೊಡುವುದು ಮರ್ಯಾದೆಗೆ ಕುಂದು ಎನ್ನುತ್ತಾರೆ. ಕುಂದು ಬಂದಿರುವುದು ದೂರಿನಿಂದಲ್ಲ. ಆದರೂ ಮೊದಲು ಜಮಾಅತ್ ಆ ಮಕ್ಕಳನ್ನು ಕರೆದು ಕೂರಿಸಲಿ. ತಲಾಖಿನ ಪಂಚಾಯಿತಿಗೆ ರಾತ್ರಿ ಒಂದು ಗಂಟೆಯವರೆಗೆ ಕೂರುವ ಕಮಿಟಿಗೆ ಇದಕ್ಕೂ ಒಂದು ರಾತ್ರಿ ಸಿಗಬೇಕು.

"ಮಕ್ಕಳ ಮೇಲೆ ಅಷ್ಟೂ ನಂಬಿಕೆಯಿಲ್ಲವೇ" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ನಂಬಿಕೆ ಇರಲಿ, ಪ್ರೀತಿಯೂ ಇರಲಿ. ಒಳ್ಳೆಯ ಮಗನಿಗೆ ತಂದೆಯ ಹೆಸರಿನಲ್ಲಿರುವ ಮನೆ ತೊಡಕಲ್ಲ. ಕೆಟ್ಟ ಮಗನ ಕೈಯಿಂದ ತಂದೆಯನ್ನು ಉಳಿಸುವುದು ಅದೊಂದೇ. ಯಾವ ಮಗ ಯಾವುದಾಗುತ್ತಾನೆಂದು ದಾನಪತ್ರದ ದಿನ ಯಾರಿಗೂ ಗೊತ್ತಿರುವುದಿಲ್ಲ.

ಆ ಅರ್ಜಿಯನ್ನು ನಾನು ಕೊನೆಗೂ ಬರೆದುಕೊಟ್ಟೆ. ಹಾಸಿಗೆಯಲ್ಲಿರುವ ಹಿರಿಯರ ಔಷಧಿ ನಮ್ಮ ವಾದಕ್ಕಾಗಿ ಕಾಯುವುದಿಲ್ಲ. ಆದರೆ ಕೆಳಗೆ ಒಂದು ಸಾಲು ಸೇರಿಸಿದೆ: ಇವರಿಗೆ ಮೂವರು ಗಂಡುಮಕ್ಕಳಿದ್ದಾರೆ, ಇವರ ಆಸ್ತಿಯನ್ನು ಪಡೆದವರು ಅವರೇ, ಕಮಿಟಿ ಅವರನ್ನು ಕರೆಸಿ ವಿಚಾರಿಸಬೇಕು. ಮಗ ಆ ಸಾಲನ್ನು ಓದಿ ಕಾಗದವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದ. ಮರುದಿನ ಅದನ್ನು ನಾನೇ ಕಮಿಟಿಗೆ ತಲುಪಿಸಿದೆ.

ಅಂದಿನಿಂದ ಇಂತಹ ಕಾಗದಗಳಿಗೆ ಸಾಕ್ಷಿ ಹಾಕುವುದನ್ನು ನಿಲ್ಲಿಸಿದ್ದೇನೆ. ಕರೆಯಲು ಬಂದವರಲ್ಲಿ ಮೂರು ಪ್ರಶ್ನೆ ಕೇಳುತ್ತೇನೆ. ಹೆಣ್ಣುಮಕ್ಕಳಿಗೆ ಕೊಟ್ಟಿದ್ದೀರಾ? ಹೆಂಡತಿಗೆ ಏನು ಉಳಿಸಿದ್ದೀರಿ? ನಾಳೆ ನೀವು ಹಾಸಿಗೆ ಹಿಡಿದರೆ ಯಾರ ಹಣದಿಂದ? ನನ್ನ ಸಹೋದರರಾದ ಖತೀಬರು, ಮುಅಲ್ಲಿಮರು, ಜಮಾಅತ್ ಪದಾಧಿಕಾರಿಗಳು ಕೂಡ ಈ ಮೂರು ಪ್ರಶ್ನೆಗಳನ್ನು ಕೇಳತೊಡಗಿದರೆ ಎಷ್ಟೋ ಕಾಗದಗಳು ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತಲಾರವು. ಪ್ರವಾದಿ(ಸ) ನಿರಾಕರಿಸಿದ ಸಾಕ್ಷ್ಯವನ್ನು ಹೇಳಲು ನಾವು ಯಾರು?

ಹೆತ್ತವರ ಮುಪ್ಪನ್ನು ನಮ್ಮ ಬಳಿಯಲ್ಲಿ ಕಂಡು ಅವರ ಸೇವೆಯಿಂದ ಸ್ವರ್ಗ ಗಳಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ನಮ್ಮ ಮುಪ್ಪಿನಲ್ಲಿ ನಮ್ಮನ್ನು ಅವನ ಹೊರತು ಇನ್ನೊಬ್ಬರ ಕೈ ನೋಡುವವರನ್ನಾಗಿ ಮಾಡದಿರಲಿ. ಹದಿಮೂರು ವರ್ಷಗಳ ಹಿಂದಿನ ಆ ಸಹಿಯನ್ನು ಅವನು ಕ್ಷಮಿಸಲಿ. ಆಮೀನ್.